ಹೆಂಚಿನ ಮಾಡೂ ಹಾವಸೆಯೂ

ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಮನೆಯೆಂದೊಡನೆ ಕಣ್ಣಿಗೆ ಕಟ್ಟುವುದು ಕೆಂಪು ಹೆಂಚಿನ ಮಾಡು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ತರುವಾಯ ಈ ಹೆಂಚು ದೂರದ ಊರುಗಳಿಗೂ ಹಬ್ಬಿತು. ಹುಲ್ಲಿನ ಮಾಡಿನಂತೆ ಇದನ್ನು ಪದೇಪದೇ ಹೊದಿಸಬೇಕಾದುದಿಲ್ಲ. ಆದುದರಿಂದಲೇ ನಾವು ಅದನ್ನು ತಲೆಯೆತ್ತಿ ನೋಡುವುದೂ ಅಪರೂಪ. ಸೋರಿದ ನೀರು ಅಟ್ಟದ ಧಾನ್ಯಕ್ಕೆ ತಾಗಿದ ಮೇಲೆಯೇ ಮಾಡಿನ ಚಿಂತೆ ಹುಟ್ಟುವುದು.

ಆಗುಂಬೆಯಂಥ ಸ್ಥಳದಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಹೆಂಚು ಸುಟ್ಟ ಮಣ್ಣು. ಅದರ ಸೂಕ್ಷ್ಮ ರಂಧ್ರಗಳು ನೀರನ್ನು ಹೀರುತ್ತವೆ. ವರುಷಗಳು ಕಳೆದಂತೆ ಮೈ ಒರಟಾಗಿ ಅಲ್ಲಿ ಧೂಳು ನಿಲ್ಲುತ್ತದೆ. ಮೊದಲು ಕಪ್ಪು ಹಸುರು ಬಣ್ಣದ ತೆಳುವಾದ ಪಾಚಿಯೂ, ತರುವಾಯ ಮೆತ್ತೆಯಂತಹ ಹಾವಸೆಯೂ ಅಲ್ಲಿ ನೆಲೆಸುತ್ತವೆ.

ಇವೆರಡರ ಭೇದವನ್ನು ಗೃಹಸ್ಥರು ಅರಿತಿರಬೇಕು. ಪಾಚಿಯ ಕಲೆಯಿಂದ ಅಂದಗೆಡುವುದೇ ಹೊರತು ದೊಡ್ಡ ಹಾನಿಯಿಲ್ಲ. ಹಾವಸೆಯಾದರೋ ಸ್ಪಂಜಿನಂತೆ ನೀರನ್ನು ಹಿಡಿದಿಡುತ್ತದೆ. ಹೆಂಚುಗಳ ಸಂದಿನಲ್ಲಿ ಬೆಳೆದು ನೀರಿನ ದಾರಿಯನ್ನು ಕಟ್ಟುತ್ತದೆ. ತಡೆದ ನೀರು ಒಳಕ್ಕೆ ಇಳಿದು ರೀಪು ಪಕಾಸುಗಳನ್ನು ಕೊಳೆಯಿಸುತ್ತದೆ. ಶೀತದೇಶಗಳಲ್ಲಿ ಆ ನೀರು ಹೆಪ್ಪುಗಟ್ಟಿ ಹೆಂಚನ್ನೇ ಸೀಳುವುದುಂಟು. ನಮ್ಮಲ್ಲಿ ಪೆಟ್ಟು ಬೀಳುವುದು ಮರಕ್ಕೆ.

ತೆಗೆಯುವ ಕಾಲ ಬೇಸಿಗೆಯೇ ಸರಿ. ಒಣಗಿದ ಹಾವಸೆಯನ್ನು ಬಿದಿರಿನ ಚಕ್ಕೆಯಿಂದ ಎಬ್ಬಿಸಿ, ತೆಂಗಿನ ನಾರಿನ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಗುಡಿಸಬೇಕು. ಕೆಳಗಿನಿಂದ ಮೇಲಕ್ಕೆ ತಿಕ್ಕಿದರೆ ಕಸವು ಸಂದಿಗೆ ಸೇರುವುದು. ತಂತಿಯ ಬ್ರಷ್ಷೂ, ರಭಸದಿಂದ ನೀರು ಚಿಮ್ಮುವ ಯಂತ್ರವೂ ಹೆಂಚಿನ ಮೈಯನ್ನು ಕೆಡಿಸುತ್ತವೆ.

ಉಳಿದುದಕ್ಕೆ ಹತ್ತು ಲೀಟರು ನೀರಿಗೆ ಸುಮಾರು ೧೫೦ ಗ್ರಾಂ ಬ್ಲೀಚಿಂಗ್ ಪುಡಿಯನ್ನು ಕಲಸಿ, ತಿಳಿಯಾದ ಮೇಲಿನ ನೀರನ್ನು ಸವರಿ, ಇಪ್ಪತ್ತು ನಿಮಿಷಗಳ ಮೇಲೆ ತೊಳೆಯಬಹುದು. ಕೈಗವಸೂ ಕಣ್ಣಿಗೆ ಕನ್ನಡಕವೂ ಅವಶ್ಯ. ಇದರೊಡನೆ ಆಮ್ಲವನ್ನಾಗಲಿ ಬೇರೆ ಶುದ್ಧಿದ್ರಾವಣವನ್ನಾಗಲಿ ಎಂದೂ ಬೆರಸಬಾರದು, ವಿಷವಾಯು ಹುಟ್ಟುವುದು. ಬಾವಿಯನ್ನು ಮುಚ್ಚಿ, ಅಂಗಳದ ಗಿಡಗಳನ್ನು ಮೊದಲೇ ನೀರಿನಿಂದ ತೋಯಿಸಿ, ತೊಳೆದ ನೀರು ಕೆರೆಬಾವಿಗಳಿಗೆ ಸೇರದಂತೆ ನೋಡಿಕೊಳ್ಳತಕ್ಕದ್ದು.

ಎಲ್ಲಕ್ಕಿಂತ ಮುಖ್ಯವಾದುದು ಏರುವವನ ಪ್ರಾಣ. ಹಾವಸೆ ಹಿಡಿದ ಹೆಂಚು ಒದ್ದೆಯಾದಾಗ ಎಣ್ಣೆ ಸವರಿದಂತೆ ಜಾರುತ್ತದೆ. ಹಳೆಯ ಹೆಂಚು ಕಾಲಡಿಯಲ್ಲಿ ಒಡೆಯುತ್ತದೆ. ಕುಂಬಾದ ರೀಪು ಮೇಲಿನಿಂದ ಕಾಣುವುದಿಲ್ಲ. ಆದಕಾರಣ ಮೊದಲು ಅಟ್ಟದಿಂದ ಮರವನ್ನು ಪರೀಕ್ಷಿಸಬೇಕು. ಹೆಂಚಿನ ಮೇಲೆ ನೇರವಾಗಿ ಕಾಲಿಡದೆ, ನೆತ್ತಿಗೆ ಭದ್ರವಾಗಿ ಸಿಕ್ಕಿಸಿದ ಏಣಿಯನ್ನು ಮಲಗಿಸಿ, ಸೊಂಟಕ್ಕೆ ಹಗ್ಗ ಬಿಗಿದು, ಕೆಳಗೆ ಒಬ್ಬರನ್ನು ನಿಲ್ಲಿಸಿಕೊಂಡೇ ಕೆಲಸ ಮಾಡಬೇಕು. ಕೂಲಿಗೆ ಬಂದವನಿಗೂ ಈ ಏರ್ಪಾಡು ಮಾಡಿಕೊಡುವುದು ಮನೆಯವರ ಧರ್ಮ. ನಾಲ್ಕು ಹೆಂಚು ಒಡೆದರೆ ಪೇಟೆಯಲ್ಲಿ ಸಿಕ್ಕೀತು; ಬಿದ್ದವನ ಬೆನ್ನೆಲುಬು ಸಿಕ್ಕದು.

ಹಾವಸೆ ಮರಳಿ ಬಾರದಂತೆ ಮಾಡಲು ಬಿಸಿಲಿಗಿಂತ ಒಳ್ಳೆಯ ಮದ್ದಿಲ್ಲ. ಮಾಡಿನ ಮೇಲೆ ಬಾಗಿದ ಕೊಂಬೆಗಳನ್ನು ಕಡಿಸಿ, ಮಳೆಗಾಲಕ್ಕೆ ಮುಂಚೆ ತರಗೆಲೆಯನ್ನು ಗುಡಿಸಿದರೆ ಅರ್ಧ ಕೆಲಸ ತೀರಿತು. ನೆತ್ತಿಯ ಹೆಂಚಿನ ಕೆಳಗೆ ತಾಮ್ರದ ಪಟ್ಟಿಯನ್ನು ಕೂಡಿಸುವ ಕ್ರಮವೂ ಉಂಟು. ಮಳೆನೀರಿನಲ್ಲಿ ಕರಗಿ ಹರಿಯುವ ತಾಮ್ರದ ಅಂಶವು ಹಾವಸೆಯ ಬೆಳವಣಿಗೆಯನ್ನು ತಡೆಯುತ್ತದೆ. ಆದರೆ ಆ ನೀರು ಮೀನುಗಳಿಗೆ ಹಾನಿಕರ, ಸತು ಲೇಪಿಸಿದ ದೋಣಿಯನ್ನೂ ತಿನ್ನುತ್ತದೆ. ಮಾಡಿನ ನೀರನ್ನು ಕುಡಿಯಲು ಸಂಗ್ರಹಿಸುವವರು ಈ ಉಪಾಯವನ್ನು ಬಿಡುವುದೇ ಲೇಸು.

ವರ್ಷಕ್ಕೊಂದು ದಿನ, ಮೊದಲ ಮಳೆ ಬೀಳುವುದಕ್ಕೆ ಮುನ್ನ, ಅಂಗಳದಲ್ಲಿ ನಿಂತು ಮಾಡನ್ನು ನಾಲ್ಕು ಕಡೆಯಿಂದಲೂ ನೋಡಿರಿ. ಹಸುರು ಮೆತ್ತೆ ಅಂಗೈಯಗಲ ಇರುವಾಗಲೇ ತೆಗೆಯಿಸಿದರೆ ಒಂದು ಬೆಳಗಿನ ಕೆಲಸ. ಮಾಡೆಲ್ಲ ಹಬ್ಬಿದ ಮೇಲೆ ಅದು ಬಡಗಿಯ ಕೆಲಸವಾಗುವುದು.