ದೇವಾರಾಧನೆಯಲ್ಲಿ ಗಿಟಾರ್: ಅಭ್ಯಾಸಕ್ರಮ ಮತ್ತು ಕನ್ನಡ ಕೀರ್ತನೆಯ ಪ್ರಶ್ನೆ

1818ನೆಯ ಇಸವಿ ಡಿಸೆಂಬರ್ 24ರ ರಾತ್ರಿ, ಆಸ್ಟ್ರಿಯ ದೇಶದ ಸಾಲ್ಜ್‌ಬರ್ಗ್ ನಗರಕ್ಕೆ ಸಮೀಪದ ಓಬರ್ನ್‌ಡಾರ್ಫ್ ಎಂಬ ಊರಿನ ದೇವಾಲಯದಲ್ಲಿ ಇಬ್ಬರು ಕೂಡಿ ಒಂದು ಹೊಸ ಹಾಡನ್ನು ಹಾಡಿದರು. ಅದರ ಸಾಹಿತ್ಯ ಅಲ್ಲಿಯ ಕಿರಿಯ ಪಾದ್ರಿಗಳಾದ ಯೋಸೆಫ್ ಮೋರರದು, 1816ರಲ್ಲಿಯೇ ಬರೆದಿಟ್ಟದ್ದು. ಧಾಟಿಯನ್ನು ಕೂಡಿಸಿದವರು ನೆರೆಯ ಊರಿನ ಶಾಲೋಪಾಧ್ಯಾಯರೂ ಆ ದೇವಾಲಯದ ಆರ್ಗನ್ ವಾದಕರೂ ಆಗಿದ್ದ ಫ್ರಾಂಟ್ಸ್ ಗ್ರೂಬರರು. ಆದರೆ ಅಂದಿನ ಹಾಡಿಗೆ ಆಸರೆಯಾಗಿದ್ದುದು ಆರ್ಗನ್ ಅಲ್ಲ, ಗಿಟಾರ್. ಆರ್ಗನ್ನಿನ ತಿದಿಯನ್ನು ಇಲಿ ಕಡಿದಿತ್ತೆಂಬ ಕಥೆಯೊಂದು ಮುಂದೆ ಹುಟ್ಟಿಕೊಂಡಿತು. ಗ್ರೂಬರರು 1854ರಲ್ಲಿ ತಾವೇ ಬರೆದಿಟ್ಟ ವೃತ್ತಾಂತದಲ್ಲಿ ಇಲಿಯ ಪ್ರಸ್ತಾಪವೇ ಇಲ್ಲ; ಎರಡು ಕಂಠ, ಮೇಳ ಮತ್ತು ಗಿಟಾರಿಗೆ ಹೊಂದುವ ಧಾಟಿಯನ್ನು ಮೋರರು ಕೇಳಿದರೆಂದಷ್ಟೇ ಇದೆ. ಗಿಟಾರ್ ಪಕ್ಕವಾದ್ಯವನ್ನೂ ಒಳಗೊಂಡ ಮೋರರ ಸ್ವಹಸ್ತದ ಪ್ರತಿಯೊಂದು 1995ರಲ್ಲಿ ದೊರೆತ ಬಳಿಕ ಈ ವಿಷಯದಲ್ಲಿ ಸಂದೇಹಕ್ಕೆ ಎಡೆ ಉಳಿದಿಲ್ಲ. ಇಂದು ಲೋಕವೆಲ್ಲ ಕ್ರಿಸ್‌ಮಸ್ ಕಾಲದಲ್ಲಿ ಹಾಡುವ ‘ಸೈಲೆಂಟ್ ನೈಟ್’ ಎಂಬ ಗೀತೆ ಅದೇ.

ಇಲಿಯ ಕಥೆ ಏಕೆ ಬೇಕಾಯಿತೆಂಬುದು ವಿಚಾರಾರ್ಹ. ದೇವಾಲಯದಲ್ಲಿ ಗಿಟಾರ್ ನುಡಿಯಿತೆಂದರೆ ಏನೋ ಅಡಚಣೆ ಒದಗಿರಲೇಬೇಕೆಂದು ಜನ ಭಾವಿಸಿದಂತೆ ತೋರುತ್ತದೆ. ಕ್ರೈಸ್ತ ಆರಾಧನೆಗೂ ವಾದ್ಯಗಳಿಗೂ ಇರುವ ಸಂಬಂಧ ಅಷ್ಟೊಂದು ಸರಳವಾದುದಲ್ಲ. ಬೈಬಲಿನ ಕೀರ್ತನೆಗಳಲ್ಲಿ ತಂತಿವಾದ್ಯಗಳ ಹೆಸರುಗಳು ಮೇಲಿಂದ ಮೇಲೆ ಬರುತ್ತವೆ. ಹೀಬ್ರೂ ಭಾಷೆಯ ‘ಕಿನ್ನೋರ್’ ಎಂಬುದಕ್ಕೆ ಕನ್ನಡ ಬೈಬಲು ‘ಕಿನ್ನರಿ’ ಎಂಬ ನಮ್ಮ ಹಳೆಯ ವಾದ್ಯದ ಹೆಸರನ್ನೇ ಎತ್ತಿಕೊಂಡಿದೆ. ಕಿನ್ನರಿ ಬೊಮ್ಮಯ್ಯನನ್ನು ಬಲ್ಲ ಕನ್ನಡಿಗರಿಗೆ ಇದಕ್ಕೆ ಟೀಕೆ ಬೇಕಾಗಿಲ್ಲ. ಹೀಗಿದ್ದೂ ಆದಿಕಾಲದ ಧರ್ಮಪಿತೃಗಳಲ್ಲಿ ಅನೇಕರು, ನಾಟಕಶಾಲೆ ಮತ್ತು ಔತಣಕೂಟಗಳ ನಂಟಿನ ದೆಸೆಯಿಂದ, ವಾದ್ಯಗಳನ್ನು ಆರಾಧನೆಯಿಂದ ದೂರವಿಟ್ಟರು. ಲೂಥರನು ಸ್ವತಃ ಲ್ಯೂಟ್ ನುಡಿಸುತ್ತಿದ್ದನು. ಅವನ ಸಮಕಾಲೀನನೇ ಆದ ಕ್ಯಾಲ್ವಿನನ ಪರಂಪರೆಯವರು ಆರಾಧನೆಯಲ್ಲಿ ವಾದ್ಯವೇ ಸಲ್ಲದೆಂದರು. 1903ರಲ್ಲಿ ಹತ್ತನೆಯ ಪಿಯುಸ್ ಜಗದ್ಗುರುಗಳು ಹೊರಡಿಸಿದ ಆಜ್ಞೆಯಲ್ಲಿ ಪಿಯಾನೊ ವಾದ್ಯವನ್ನೂ ಡೋಲು, ತಾಳ ಮುಂತಾದ ಗದ್ದಲದ ವಾದ್ಯಗಳನ್ನೂ ಕಥೋಲಿಕ ದೇವಾಲಯಗಳಲ್ಲಿ ನಿಷೇಧಿಸಲಾಯಿತು. ಆರು ದಶಕಗಳ ಬಳಿಕ, 1963ರ ಡಿಸೆಂಬರ್ 4ರಂದು, ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಾಧನೆಯನ್ನು ಕುರಿತ ತನ್ನ ಶಾಸನದಲ್ಲಿ ಪೈಪ್ ಆರ್ಗನ್ನಿಗೆ ಅಗ್ರಸ್ಥಾನವನ್ನು ಉಳಿಸಿಕೊಟ್ಟು, ಇತರ ವಾದ್ಯಗಳಿಗೂ ಬಾಗಿಲನ್ನು ತೆರೆಯಿತು. ಆದರೆ ಆ ವಾದ್ಯ ಪವಿತ್ರ ಕಾರ್ಯಕ್ಕೆ ಒಗ್ಗಬೇಕು, ದೇವಾಲಯದ ಘನತೆಗೆ ಹೊಂದಬೇಕು, ಭಕ್ತರ ಆತ್ಮೋನ್ನತಿಗೆ ನಿಜವಾಗಿ ನೆರವಾಗಬೇಕು. ಗಿಟಾರ್ ಕಲಿಯುವವನ ಅಭ್ಯಾಸವೆಲ್ಲ ಈ ಮೂರನೆಯ ಕಟ್ಟಳೆಯ ಸುತ್ತಲೇ ಇರತಕ್ಕದ್ದು. ಆತನು ನುಡಿಸುವುದು ಕೇಳುವವರಿಗಾಗಿ ಅಲ್ಲ, ಹಾಡುವವರಿಗಾಗಿ.

ವಾದ್ಯದ ರಚನೆಯನ್ನು ವೀಣೆಯೊಡನೆ ಹೋಲಿಸಿ ನೋಡಿದರೆ ತಿಳಿಯುವುದು ಸುಲಭ. ಎರಡಕ್ಕೂ ದಂಡಿಯುಂಟು, ಕುದುರೆಯುಂಟು, ಬಿರಡೆಗಳುಂಟು, ಒಂದೊಂದು ಸ್ಥಾಯಿಗೆ ಹನ್ನೆರಡು ಮೆಟ್ಟಿಲುಗಳುಂಟು. ಆದರೆ ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ಎತ್ತರವಾಗಿ ಕುಳಿತಿರುವುದರಿಂದ ವೈಣಿಕನು ತಂತಿಯನ್ನು ಪಕ್ಕಕ್ಕೆ ಎಳೆದು ಗಮಕವನ್ನು ಹೊರಡಿಸಬಲ್ಲನು. ಗಿಟಾರಿನ ಮೆಟ್ಟಿಲು ಮರದಲ್ಲಿ ನಾಟಿದ ತೆಳ್ಳನೆಯ ಲೋಹದ ಸರಳು. ಅದರ ಸ್ವರ ಬಹುಮಟ್ಟಿಗೆ ನಿಂತಲ್ಲೇ ನಿಲ್ಲುತ್ತದೆ. ಒಂದು ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ಸ್ವರದ ಕಂಪನಸಂಖ್ಯೆ ಸುಮಾರು 1.0595 ಪಟ್ಟು ಹೆಚ್ಚುತ್ತದೆ. ಚಕ್ರಬಡ್ಡಿಯ ಲೆಕ್ಕವನ್ನು ಬಲ್ಲವರಿಗೆ ಇದು ಪರಿಚಿತವಾದ ಕ್ರಮವೇ: ಹನ್ನೆರಡು ಕಂತುಗಳಲ್ಲಿ ಮೂಲಧನ ಇಮ್ಮಡಿಯಾಗುತ್ತದೆ. 65 ಸೆಂಟಿಮೀಟರ್ ಉದ್ದದ ತಂತಿಯಲ್ಲಿ ಮೊದಲ ಮೆಟ್ಟಿಲು ತಲೆಯ ಕಡೆಯಿಂದ ಸುಮಾರು 3.65 ಸೆಂಟಿಮೀಟರ್ ದೂರದಲ್ಲಿಯೂ ಹನ್ನೆರಡನೆಯದು ಸರಿಯಾಗಿ ನಡುವೆ, 32.5 ಸೆಂಟಿಮೀಟರಿನಲ್ಲಿಯೂ ಇರುತ್ತವೆ. ಆರು ತಂತಿಗಳನ್ನು ಮಂದ್ರದಿಂದ ಮೇಲಕ್ಕೆ ಇ, ಎ, ಡಿ, ಜಿ, ಬಿ, ಇ ಎಂದು ಶ್ರುತಿಮಾಡುವುದು ವಾಡಿಕೆ.

ಈ ಆರು ತಂತಿಗಳನ್ನು ಒಟ್ಟಿಗೆ ಮಿಡಿದಾಗ ಕೇಳಿಬರುವ ಸ್ವರಗುಚ್ಛಕ್ಕೆ ‘ಕಾರ್ಡ್’ ಎಂದು ಹೆಸರು. ಕಲಿಯುವವನಿಗೆ ಗುರುವು ಮೊದಲು ಹೇಳಿಕೊಡುವುದು ಮೂರೇ ಕಾರ್ಡುಗಳನ್ನು; ಹೆಚ್ಚಿನ ಪಾಲು ಜಿ, ಸಿ ಮತ್ತು ಡಿ. ಇಷ್ಟರಿಂದಲೇ ನೂರಾರು ಪಾಶ್ಚಾತ್ಯ ಸ್ತುತಿಗೀತೆಗಳಿಗೆ ಪಕ್ಕವಾದ್ಯ ನುಡಿಸಬಹುದೆಂದು ಕೇಳಿ ಅನೇಕರು ಬೆರಗಾಗುವುದುಂಟು. ಕಾರಣವನ್ನು ನಮ್ಮ ಸ್ವರಸಂಜ್ಞೆಗಳಲ್ಲಿ ಹೇಳಿದರೆ ಬೆರಗು ತೀರುತ್ತದೆ. ಜಿ ಎಂಬುದನ್ನು ಷಡ್ಜವೆಂದು ಹಿಡಿದರೆ ಮೊದಲನೆಯ ಕಾರ್ಡಿನಲ್ಲಿ ಸ-ಗ-ಪ, ಎರಡನೆಯದರಲ್ಲಿ ಮ-ದ-ಸ, ಮೂರನೆಯದರಲ್ಲಿ ಪ-ನಿ-ರಿ ಇರುತ್ತವೆ. ಮೂರೂ ಕೂಡಿದರೆ ಶಂಕರಾಭರಣದ ಏಳು ಸ್ವರಗಳೂ ತುಂಬಿಬಂದವು. ಆ ಮೇಳದ ಧಾಟಿ ಯಾವ ಸ್ವರದಲ್ಲಿ ನಿಂತರೂ ಅದಕ್ಕೆ ಆಶ್ರಯ ಕೊಡಬಲ್ಲ ಕಾರ್ಡೊಂದು ಈ ಮೂರರಲ್ಲಿ ಇದ್ದೇ ಇರುತ್ತದೆ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಕನ್ನಡ ಕೀರ್ತನೆಯ ವಿಚಾರಕ್ಕೆ ಬಂದಾಗ ತೊಡಕು ಏಳುವುದು ಇಲ್ಲಿಂದಲೇ.

ಬೆರಳುಗಳನ್ನು ಸರಿಯಾದ ಮೆಟ್ಟಿಲುಗಳಲ್ಲಿ ಇಡುವುದು ಒಂದೆರಡು ವಾರಗಳ ಕೆಲಸ. ಎಡಗೈಯ ಬೆರಳತುದಿ ಮೊದಮೊದಲು ಉರಿಯುತ್ತದೆ, ಬಳಿಕ ಚರ್ಮ ಗಟ್ಟಿಯಾಗುತ್ತದೆ. ನಿಜವಾದ ಕಷ್ಟವಿರುವುದು ಒಂದು ಕಾರ್ಡಿನಿಂದ ಇನ್ನೊಂದಕ್ಕೆ ತಾಳ ತಪ್ಪದಂತೆ ಸಾಗುವುದರಲ್ಲಿ. ಮನೆಯಲ್ಲಿ ಒಂಟಿಯಾಗಿ ಕುಳಿತು ಅಭ್ಯಾಸಮಾಡುವವನು ಬೆರಳು ತಡವರಿಸಿದಾಗ ನಿಂತು, ಸರಿಪಡಿಸಿಕೊಂಡು, ಮುಂದುವರಿಯುತ್ತಾನೆ. ಆರಾಧನೆಗೆ ನುಡಿಸಲಿರುವವನಿಗೆ ಇದಕ್ಕಿಂತ ಕೆಟ್ಟ ಅಭ್ಯಾಸ ಮತ್ತೊಂದಿಲ್ಲ. ಅವನ ಬಲಗೈ ನಿಲ್ಲಕೂಡದು. ಎಡಗೈ ಸಮಯಕ್ಕೆ ಸೇರದಿದ್ದರೆ ತೆರೆದ ತಂತಿಗಳನ್ನೇ ಮೆಲ್ಲನೆ ಸವರಿ ಮುಂದಿನ ಘಾತಕ್ಕೆ ಸಿದ್ಧನಾಗಬೇಕು. ತಪ್ಪಿದ ಕಾರ್ಡು ಗಮನಕ್ಕೆ ಬರುವುದು ನಾಲ್ಕಾರು ಜನರಿಗೆ. ತಪ್ಪಿದ ತಾಳ ಸಭೆಯ ಹಾಡನ್ನೇ ನಿಲ್ಲಿಸಿಬಿಡುತ್ತದೆ. ಆದುದರಿಂದ ಮೊದಲ ತಿಂಗಳಲ್ಲಿ ಎರಡೇ ಕಾರ್ಡುಗಳನ್ನು, ಬಾಯಿಂದ ಹಾಡುತ್ತ, ಕಾಲಿನಿಂದ ತಾಳಹಾಕುತ್ತ ಸಾಧಿಸುವುದು ಹತ್ತು ಕಾರ್ಡುಗಳನ್ನು ಮೌನವಾಗಿ ಸಾಧಿಸುವುದಕ್ಕಿಂತ ಲೇಸು.

ಇನ್ನು ಶ್ರುತಿಯ ಆಯ್ಕೆ. ಹೊಸ ವಾದಕರು ಬಹಳವಾಗಿ ಎಡವುವುದು ಇಲ್ಲಿ. ತಮ್ಮ ಬೆರಳಿಗೆ ಸುಲಭವಾದ ಶ್ರುತಿಯನ್ನು ಅವರು ಹಿಡಿಯುತ್ತಾರೆ. ಸಭೆಯ ಕಂಠಕ್ಕೆ ಅದು ಒಗ್ಗುವುದೋ ಇಲ್ಲವೋ ನೋಡುವುದಿಲ್ಲ. ಮೇಲೆ ಹೇಳಿದ ಕ್ರಿಸ್‌ಮಸ್ ಗೀತೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ತಿಶ್ರಗತಿಯಲ್ಲಿ ತೊಟ್ಟಿಲು ತೂಗಿದಂತೆ ಸಾಗುವ ಈ ಹಾಡಿಗೆ ಮೂರು ಕಾರ್ಡುಗಳೇ ಸಾಕು. ಆದರೆ ಧಾಟಿ ಮಧ್ಯ ಷಡ್ಜದಿಂದ ತಾರಸ್ಥಾಯಿಯ ಮಧ್ಯಮದವರೆಗೆ ಏರುತ್ತದೆ. ಸ್ಥಾಯಿಯೊಂದರ ಮೇಲೆ ಇನ್ನೂ ನಾಲ್ಕು ಸ್ವರಗಳ ಹರಹು. ಮೋರರ ಪ್ರತಿಯಲ್ಲಿರುವ ಡಿ ಶ್ರುತಿ ಅಂದಿನ ಇಬ್ಬರು ನುರಿತ ಗಾಯಕರಿಗೆ ಸರಿಹೋಯಿತು. ಸಾಮಾನ್ಯ ಸಭೆ ಅದೇ ಶ್ರುತಿಯಲ್ಲಿ ಹಾಡಹೊರಟರೆ ಕೊನೆಯ ಸಾಲಿನ ಏರಿನಲ್ಲಿ ಅರ್ಧ ಜನ ಬಾಯಿಮುಚ್ಚುತ್ತಾರೆ. ಆದ್ದರಿಂದಲೇ ಸ್ತುತಿಗೀತೆಗಳ ಪುಸ್ತಕಗಳಲ್ಲಿ ಇದನ್ನು ನಾಲ್ಕು ಅರ್ಧಸ್ವರಗಳಷ್ಟು ಇಳಿಸಿ ಬಿ-ಫ್ಲ್ಯಾಟ್ ಶ್ರುತಿಯಲ್ಲಿ ಅಚ್ಚುಹಾಕಿರುವುದುಂಟು. ಆ ಶ್ರುತಿಯ ಕಾರ್ಡುಗಳು ಗಿಟಾರಿನಲ್ಲಿ ಹೊಸಬರಿಗೆ ಕಠಿನ. ಇದಕ್ಕೆ ಪರಿಹಾರ ‘ಕ್ಯಾಪೊ’ ಎಂಬ ಚಿಕ್ಕ ಪಟ್ಟಿ. ಎಲ್ಲ ತಂತಿಗಳನ್ನೂ ಒಂದೇ ಮೆಟ್ಟಿಲಿನಲ್ಲಿ ಒತ್ತಿಹಿಡಿಯುವ ಈ ಪಟ್ಟಿಯನ್ನು ಮೂರನೆಯ ಮೆಟ್ಟಿಲಿಗೆ ಬಿಗಿದು ಮೊದಲು ಕಲಿತ ಜಿ, ಸಿ, ಡಿ ಕಾರ್ಡುಗಳ ಬೆರಳಿಕ್ಕೆಯನ್ನೇ ನುಡಿಸಿದರೆ ಹೊರಡುವುದು ಬಿ-ಫ್ಲ್ಯಾಟ್ ಶ್ರುತಿ. ಬೆರಳಿನ ಸುಲಭವೂ ಕಂಠದ ಸುಲಭವೂ ಒಂದೆಡೆ ಕೂಡುವುದು ಹೀಗೆ.

ಹಾಡು ಆರಂಭವಾಗುವ ಮುನ್ನ ಕೊನೆಯ ಸಾಲಿನ ಧಾಟಿಯನ್ನೊಮ್ಮೆ ನುಡಿಸಿದರೆ ಸಭೆಗೆ ಶ್ರುತಿ, ಕಾಲಪ್ರಮಾಣ, ಎತ್ತುಗಡೆ ಮೂರೂ ತಿಳಿಯುತ್ತವೆ. ಚರಣಗಳ ನಡುವಣ ಬಿಡುವು ಪ್ರತಿಸಲವೂ ಒಂದೇ ಅಳತೆಯದಾಗಿರಬೇಕು. ಒಮ್ಮೆ ನಾಲ್ಕು ಘಾತ, ಇನ್ನೊಮ್ಮೆ ಏಳು ಎಂದಾದರೆ ಮುಂದಿನ ಚರಣವನ್ನು ಧೈರ್ಯದಿಂದ ಎತ್ತುವವರಿರುವುದಿಲ್ಲ. ಧ್ವನಿವರ್ಧಕದ ವಿಷಯವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಪಕ್ಕದಲ್ಲಿ ಹಾಡುತ್ತಿರುವವರ ದನಿ ಕೇಳದಷ್ಟು ಗಿಟಾರ್ ಕೇಳಿಸಿದರೆ ಜನ ಹಾಡುವುದನ್ನು ಬಿಟ್ಟು ಆಲಿಸತೊಡಗುತ್ತಾರೆ.

ಇಲ್ಲಿಯವರೆಗೆ ಹೇಳಿದುದು ಎಲ್ಲ ದೇಶದ ಕಲಿಯುವವರಿಗೂ ಸಲ್ಲುವ ಮಾತು. ಕನ್ನಡ ಸಭೆಗಳಿಗೆ ಮಾತ್ರ ಇನ್ನೊಂದು ಪ್ರಶ್ನೆಯುಂಟು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದ ತರುವಾಯ ಕನ್ನಡ ಕ್ರೈಸ್ತ ಗೀತೆಗಳು ಎರಡು ಹೊಳೆಗಳಾಗಿ ಹರಿದುಬಂದವು. ಒಂದು, ಪಾಶ್ಚಾತ್ಯ ಧಾಟಿಗೆ ಕನ್ನಡ ಮಾತುಗಳನ್ನು ಹೊಂದಿಸಿದ ಗೀತೆಗಳದು. ಮತ್ತೊಂದು, ದೇಶೀಯ ರಾಗತಾಳಗಳಲ್ಲಿ ಹುಟ್ಟಿದ ಕೀರ್ತನೆ, ಭಜನೆಗಳದು. ನಿಘಂಟಿನಿಂದ ಹೆಸರಾದ ಕಿಟೆಲ್ಲರು 1862ರಲ್ಲಿ ಪ್ರಕಟವಾದ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ಹಾಡಿದರು. ಈ ಎರಡನೆಯ ಹೊಳೆಗೆ ಆಸರೆಯಾಗಿ ಬಂದುದು ಹಾರ್ಮೋನಿಯಂ, ತಬಲ, ತಾಳಗಳು. ಮುಂಬಯಿ, ಪುಣೆಯಂತಹ ಹೊರನಾಡಿನ ನಗರಗಳ ಸಭೆಗಳಲ್ಲಿ ಗಿಟಾರನ್ನು ಹಿಡಿದಿರುವ ಕಿರಿಯರಲ್ಲಿ ಕನ್ನಡ ಲಿಪಿಯನ್ನು ಓದಲು ತೊಡಕುವವರಿದ್ದಾರೆ. ಕೀರ್ತನೆಯನ್ನು ರಾಗವಾಗಿ ಬಲ್ಲ ಹಿರಿಯರಲ್ಲಿ ಗಿಟಾರನ್ನು ಮುಟ್ಟಿದವರು ವಿರಳ. ಇಬ್ಬರೂ ಒಂದೇ ಹಾಡಿಗೆ ಕೂಡಿದಾಗ ಏನಾಗುತ್ತದೆ?

ಮಾಯಾಮಾಳವಗೌಳದ ಕೀರ್ತನೆಯೊಂದು ಇದೆಯೆನ್ನೋಣ. ಸರಳೆವರಸೆ ಕಲಿತವರೆಲ್ಲರ ಕಿವಿಯಲ್ಲಿಯೂ ಇರುವ ರಾಗ ಅದು. ಷಡ್ಜದ ಮೇಲಿನ ಸ-ಗ-ಪ ಕಾರ್ಡು ಇದಕ್ಕೆ ಹೊಂದುತ್ತದೆ. ಆದರೆ ವಾದಕನು ಅಭ್ಯಾಸಬಲದಿಂದ ಮೂರನೆಯದಾದ ಪ-ನಿ-ರಿ ಕಾರ್ಡನ್ನು ಒತ್ತಿದೊಡನೆ ಅದರೊಳಗಿನ ಚತುಶ್ರುತಿ ರಿಷಭವು ಹಾಡುವವರ ಶುದ್ಧ ರಿಷಭಕ್ಕೆ ಅಡ್ಡಬೀಳುತ್ತದೆ. ಎರಡನೆಯ ಕಾರ್ಡಿನ ಚತುಶ್ರುತಿ ಧೈವತದ ಗತಿಯೂ ಅದೇ. ಹಾಡುವವರು ಒಂದೆರಡು ಸಲ ಎಳೆದಾಡಿ, ಕೊನೆಗೆ ವಾದ್ಯ ಹೇಳಿದ ಸ್ವರಕ್ಕೇ ಬಂದು ನಿಲ್ಲುತ್ತಾರೆ. ನಾಲ್ಕು ಭಾನುವಾರಗಳಲ್ಲಿ ಮಾಯಾಮಾಳವಗೌಳವು ಶಂಕರಾಭರಣವಾಗಿರುತ್ತದೆ. ಮಕ್ಕಳು ಕಲಿಯುವುದು ಈ ಎರಡನೆಯ ರೂಪವನ್ನು. ಅಪರಾಧ ಗಿಟಾರಿನದಲ್ಲ. ಆ ರಾಗಕ್ಕೆ ಒಗ್ಗುವ ಕಾರ್ಡುಗಳು ಅದೇ ವಾದ್ಯದಲ್ಲಿವೆ: ಮಧ್ಯಮದ ಮೇಲೆ ಶುದ್ಧ ಧೈವತವುಳ್ಳ ಮೈನರ್ ಕಾರ್ಡು, ಶುದ್ಧ ರಿಷಭದ ಮೇಲೆ ರಿ-ಮ-ದ ಕಾರ್ಡು. ಮೋಹನದಲ್ಲಿ ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ. ಅಲ್ಲಿ ಷಡ್ಜದ ಕಾರ್ಡಿನೊಡನೆ ಧೈವತದ ಮೇಲಿನ ಮೈನರ್ ಕಾರ್ಡಾದ ದ-ಸ-ಗ ಒಂದನ್ನು ಸೇರಿಸಿಕೊಂಡರೆ ಅನ್ಯಸ್ವರದ ಸೋಂಕಿಲ್ಲದೆ ಹಾಡು ಮುಗಿಯುತ್ತದೆ. ಕಲ್ಯಾಣಿಗೆ ರಿಷಭದ ಮೇಲೆ ಪ್ರತಿಮಧ್ಯಮ ಕೂಡಿದ ಕಾರ್ಡು ಬೇಕು. ಎಂದಮೇಲೆ ಕಾರ್ಡನ್ನು ಹುಡುಕುವ ಮುನ್ನ ಹಾಡಿನ ಸ್ವರಗಳನ್ನು ಬರೆದುಕೊಳ್ಳಬೇಕು; ಅದಕ್ಕೂ ಮುನ್ನ ಬಲ್ಲವರೊಬ್ಬರ ಬಾಯಿಂದ ಆ ಹಾಡನ್ನು ಕೇಳಿ ತಾನೇ ಹಾಡಲು ಕಲಿಯಬೇಕು.

ಗಮಕ ಹೆಚ್ಚಾಗಿರುವ ಹಾಡುಗಳಲ್ಲಿ ಈ ಕಾರ್ಡುಗಳೂ ಭಾರವೆನಿಸುವುದುಂಟು. ಹಾಡುವವರು ಗಾಂಧಾರವನ್ನು ತೂಗುತ್ತಿರುವಾಗ ಗಿಟಾರಿನ ಗಾಂಧಾರ ಕಂಬದಂತೆ ನಿಂತಿದ್ದರೆ ಕಿವಿಗೆ ಹಿತವಲ್ಲ. ಅಂಥಲ್ಲಿ ಗಾಂಧಾರವನ್ನೇ ಬಿಟ್ಟುಬಿಡುವುದು ಉಚಿತ. ಅತ್ಯಂತ ದಪ್ಪನೆಯ ಆರನೆಯ ತಂತಿಯನ್ನು ಇ ಎಂಬಲ್ಲಿಂದ ಎರಡು ಅರ್ಧಸ್ವರಗಳಷ್ಟು ಸಡಿಲಿಸಿ ಡಿ ಎಂಬಲ್ಲಿಗೆ ತಂದರೆ ಕೆಳಗಿನ ಮೂರು ತಂತಿಗಳು ಡಿ, ಎ, ಡಿ ಎಂದು ನುಡಿಯುತ್ತವೆ. ಅಂದರೆ ಎರಡು ಮನೆ ಶ್ರುತಿಯಲ್ಲಿ ಸ-ಪ-ಸ. ತಂಬೂರಿಯ ಆಧಾರವೇ ಕೈಗೆ ಬಂದಂತಾಯಿತು. ಮಹಿಳೆಯರ ಮೇಳಕ್ಕೆ ಐದು ಮನೆ ಶ್ರುತಿ ಬೇಕೆಂದರೆ ಕ್ಯಾಪೊವನ್ನು ಐದನೆಯ ಮೆಟ್ಟಿಲಿಗೆ ಬಿಗಿದರಾಯಿತು. ಎಡಗೈಗೆ ಆಗ ಕೆಲಸವಿಲ್ಲ. ಬಲಗೈಯ ಹೆಬ್ಬೆರಳು ಆ ಮೂರು ತಂತಿಗಳನ್ನು ಒಂದಾದಮೇಲೊಂದರಂತೆ ನಿಧಾನವಾಗಿ ಮಿಡಿಯುತ್ತಿದ್ದರೆ ಸಾಕು. ಕನ್ನಡ ಕೀರ್ತನೆಯನ್ನು ಬಲ್ಲ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಿಟಾರನ್ನು ಕೈಗೆತ್ತಿಕೊಂಡ ಮೊದಲ ದಿನವೇ ಒಬ್ಬ ಹುಡುಗ ಇಷ್ಟನ್ನು ನುಡಿಸಬಲ್ಲನು.