ಆಪರೇಷನ್ ವೇಳೆ ಬಿಪಿ ಕಾಯುವ ಕಣ್ಣು

ವ್ಯಾಪಾರಕ್ಕೆಂದು ಘಟ್ಟ ಹತ್ತಿದ ನಮ್ಮವರ ಮನೆಗಳು ಎಲ್ಲೆಲ್ಲೂ ಇವೆ. ಹಾರೋಹಳ್ಳಿ ಸೀಮೆಯ ಮರಳವಾಡಿಯಲ್ಲಿರುವ ಅಂಥದೊಂದು ಮನೆಗೆ ಈಚೆಗೆ ಹೋಗಿದ್ದೆವು. ಆ ಮನೆಯ ಉಮ್ಮನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ನಿಗದಿಯಾಗಿತ್ತು. ಊರಿನಿಂದ ನೆಂಟರೂ ಬಂದಿದ್ದರು. ಆದರೆ ಅಂದು ಬೆಳಗ್ಗೆ ಬಿಪಿ 200 ದಾಟಿತ್ತು, ಡಾಕ್ಟರು ದಿನ ಮುಂದೂಡಿದರು. ಕೇಳಿದರೆ ಉಮ್ಮ, "ಆಪರೇಷನ್ ಹತ್ರ ಬಂದಾಗ ಮಾತ್ರೆ ತಗೊಳ್ಬಾರ್ದು ಅಂತ ಯಾರೋ ಹೇಳಿದ್ರು ಮೋನೇ, ನಾಲ್ಕು ದಿನದಿಂದ ಬಿಟ್ಟಿದ್ದೆ" ಅಂದರು.

ಇದು ಒಂದೇ ಮನೆಯ ಕಥೆಯಲ್ಲ. ಆಪರೇಷನ್ ಅಂದರೆ ನಾವು ಸರ್ಜನ್ ಯಾರೆಂದು ಮಾತ್ರ ಕೇಳುತ್ತೇವೆ. ಅರಿವಳಿಕೆ ತಜ್ಞರ ಹೆಸರೂ ನಮಗೆ ಗೊತ್ತಿರುವುದಿಲ್ಲ. ಆದರೆ ಒಳಗೆ ಬಿಪಿ ಕಾಯುವವರು ಅವರೇ.

ಅರಿವಳಿಕೆ ಮದ್ದು ರಕ್ತನಾಳಗಳನ್ನು ಸಡಿಲಿಸುತ್ತದೆ, ಆಗ ಬಿಪಿ ಇಳಿಯುತ್ತದೆ. ಕೊಯ್ಯುವಾಗ ಏರಬಹುದು, ರಕ್ತ ಹೋದರೆ ಮತ್ತೆ ಕುಸಿಯಬಹುದು. ಕುಸಿತ ಹೆಚ್ಚು ಹೊತ್ತು ನಿಂತರೆ ಮೂತ್ರಪಿಂಡ, ಹೃದಯ, ಮೆದುಳಿಗೆ ಪೆಟ್ಟು. ಸಾಮಾನ್ಯವಾಗಿ ಸರಾಸರಿ ಒತ್ತಡ 65ಕ್ಕಿಂತ ಇಳಿಯದಂತೆ ನೋಡಿಕೊಳ್ಳುತ್ತಾರೆ. 120/80 ಇದ್ದವರ ಸರಾಸರಿ ಸುಮಾರು 93. ಹಳೇ ಬಿಪಿ ರೋಗಿಗಳಿಗೆ ಇನ್ನೂ ಮೇಲಿನ ಮಟ್ಟ ಬೇಕಾಗಬಹುದು.

ತೋಳಿನ ಪಟ್ಟಿಯಿಂದ ಬಿಪಿ ಅಳೆಯುವ ಉಪಕರಣವನ್ನು ಇಟಲಿಯ ರಿವಾ-ರೊಚ್ಚಿ 1896ರಲ್ಲಿ ಮಾಡಿದರು. 1901ರಲ್ಲಿ ಅದನ್ನು ಅಲ್ಲಿ ನೋಡಿದ ಹಾರ್ವೆ ಕುಶಿಂಗ್ ಅಮೆರಿಕದ ಆಪರೇಷನ್ ಕೊಠಡಿಗೆ ಒಯ್ದರು. ಇಂದು ಪಟ್ಟಿ ತಾನಾಗಿಯೇ ಉಬ್ಬಿ, ಕನಿಷ್ಠ ಐದು ನಿಮಿಷಕ್ಕೊಮ್ಮೆ ಅಂಕಿ ಕೊಡುತ್ತದೆ. ದೊಡ್ಡ ಆಪರೇಷನ್‌ಗಳಲ್ಲಿ ಮಣಿಕಟ್ಟಿನ ರಕ್ತನಾಳಕ್ಕೆ ಸಣ್ಣ ಕೊಳವೆ ಹಾಕಿದರೆ, ಪ್ರತಿ ಎದೆಬಡಿತದ ಒತ್ತಡವೂ ಪರದೆಯಲ್ಲಿ ಅಲೆಯಾಗಿ ಕಾಣುತ್ತದೆ. ಆ ಅಲೆಯ ಆಕಾರ ಓದಿ, ಬಿಪಿ ಕುಸಿಯುವ ಕೆಲವು ನಿಮಿಷ ಮೊದಲೇ ಎಚ್ಚರಿಸುವ ತಂತ್ರಾಂಶವೂ ಬಂದಿದೆ. ಆದರೆ ಯಂತ್ರ ಎಚ್ಚರಿಸುತ್ತದೆ ಅಷ್ಟೇ. ಗ್ಲೂಕೋಸ್ ಬಾಟಲಿಯ ಥರದ ದ್ರವ ಕೊಡಬೇಕೇ, ಮದ್ದು ಕೊಡಬೇಕೇ ಎಂದು ತೀರ್ಮಾನಿಸುವುದು ತಜ್ಞರೇ.

ಅದಕ್ಕೇ ಅವರ ಮುಂದೆ ಏನನ್ನೂ ಮುಚ್ಚಿಡಬೇಡಿ. ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ, ನಾಟಿ ಮದ್ದಿದ್ದರೆ ಅದನ್ನೂ ಹೇಳಿ. ಅಟೆನೊಲೊಲ್‌ನಂಥವನ್ನು ತಟ್ಟನೆ ಬಿಡುವುದು ಅಪಾಯ. ಟೆಲ್ಮಿಸಾರ್ಟನ್‌ನಂಥವನ್ನು ಹಿಂದಿನ ದಿನವೇ ನಿಲ್ಲಿಸಲು ಹೇಳಬಹುದು. ಯಾವುದು ಬೇಕು, ಯಾವುದು ಬೇಡ ಎಂದು ಅವರೇ ಹೇಳಲಿ, ನೆರೆಮನೆಯವರಲ್ಲ. ಡಯಾಲಿಸಿಸ್ ಫಿಸ್ಟುಲಾ ಇರುವ ಕೈಗೆ ಪಟ್ಟಿ ಕಟ್ಟದಂತೆ ನೆನಪಿಸಿ. ಬಳೆಗಳನ್ನು ಮನೆಯಲ್ಲೇ ಬಿಚ್ಚಿಡಿ.

ಮರಳವಾಡಿಯ ಉಮ್ಮ ಮತ್ತೆ ಮಾತ್ರೆ ಶುರು ಮಾಡಿದರು. ಕೆಲವು ವಾರಗಳ ಬಳಿಕ ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಈಗ ಮನೆಗೆ ಬಂದವರಿಗೆಲ್ಲ ಅವರೇ ಹೇಳುತ್ತಾರೆ: "ಡಾಕ್ಟ್ರನ್ನ ಕೇಳದೆ ಮಾತ್ರೆ ಬಿಡ್ಬೇಡಿ."