ಫ್ರೆಂಚ್ ಟೋಸ್ಟಿಗೆ ಮೊನ್ನೆಯ ಬ್ರೆಡ್ಡೇ ಆಗಬೇಕೇ?

ಫ್ರೆಂಚ್ ಟೋಸ್ಟ್ ಮಾಡುವುದು ಹೇಗೆಂದು ಯಾರನ್ನಾದರೂ ಕೇಳಿ ನೋಡಿ, ಮೊದಲ ಉಪದೇಶ ಒಂದೇ: 'ಬ್ರೆಡ್ಡು ಹಳೆಯದಾಗಿರಬೇಕು.' ಯಾಕೆ ಅಂದರೆ, 'ತಾಜಾ ಬ್ರೆಡ್ಡು ಮುದ್ದೆಯಾಗುತ್ತೆ.' ಅಲ್ಲಿಗೆ ವಿಚಾರಣೆ ಮುಗಿಯಿತು. ಈ ಮಾತು ನಂಬಿ ಒಳ್ಳೆಯ ಮಿಲ್ಕ್ ಬ್ರೆಡ್ಡನ್ನು ಕವರಿನ ಸಮೇತ ಎರಡು ದಿನ ಫ್ರಿಜ್ಜಿನಲ್ಲಿ ಕೂಡಿಹಾಕಿ, ಮೂರನೆಯ ದಿನ ಮೊಟ್ಟೆ-ಹಾಲಿಗೆ ಅದ್ದಿ, ಆಗಲೂ ಮುದ್ದೆಯಾದರೆ 'ಇನ್ನೊಂದು ದಿನ ಬಿಡಬೇಕಿತ್ತು' ಎಂದು ಪೇಚಾಡುವವರಿದ್ದಾರೆ. ತಪ್ಪು ಉಪದೇಶದ್ದಿರಬಹುದೆಂಬ ಅನುಮಾನ ಮಾತ್ರ ಯಾರಿಗೂ ಬರುವುದಿಲ್ಲ.

ಬ್ರೆಡ್ಡು ಹಳೆಯದಾಗುವುದು ಬೇರೆ, ಒಣಗುವುದು ಬೇರೆ. ಇದೇನು ಹೊಸ ಸಂಶೋಧನೆಯೂ ಅಲ್ಲ. ನೀರಿನಂಶ ಆಚೆ ಹೋಗದಂತೆ ಭದ್ರವಾಗಿ ಮುಚ್ಚಿಟ್ಟ ಬ್ರೆಡ್ಡೂ ಬಿರುಸಾಗುತ್ತದೆಂದು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಬೂಸಾಂಗೋ 1852ರಲ್ಲೇ ತೋರಿಸಿದ್ದ. ಅದನ್ನೇ 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ ಎಂಬುದನ್ನೂ ತೋರಿಸಿದ್ದ. ಬೇಯುವಾಗ ನೀರು ಕುಡಿದು ಸಡಿಲಗೊಂಡ ಪಿಷ್ಟದ ಅಣುಗಳು ಆರಿದ ಮೇಲೆ ಮತ್ತೆ ಒತ್ತೊತ್ತಾಗಿ ಕೂಡಿಕೊಳ್ಳುತ್ತವೆ. ಬಿರುಸು ಬರುವುದು ಅದರಿಂದ. ರಾತ್ರಿಯ ಅನ್ನ ಬೆಳಿಗ್ಗೆ ಬಿರುಸಾಗಿ, ಒಗ್ಗರಣೆಯ ಬಿಸಿಗೆ ಮತ್ತೆ ಮೆತ್ತಗಾಗುವುದೂ ಹೀಗೆಯೇ. ಫ್ರಿಜ್ಜಿನಲ್ಲಂತೂ ಈ ಕೆಲಸ ಇನ್ನೂ ಚುರುಕು: 7 ಡಿಗ್ರಿಯಲ್ಲಿ ಒಂದು ದಿನ ಇಟ್ಟ ಬ್ರೆಡ್ಡು, 30 ಡಿಗ್ರಿಯಲ್ಲಿ ಆರು ದಿನ ಇಟ್ಟಷ್ಟು ಬಿರುಸಾಗುತ್ತದೆ. ಕವರಿನೊಳಗಿದ್ದರೆ ನೀರು ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ.

ಬ್ರೆಡ್ಡಿನ ತೂಕದಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ನೀರೇ. ಅದರಲ್ಲಿ ಸ್ವಲ್ಪವಾದರೂ ಆಚೆ ಹೋದರೆ ತಾನೇ ಮೊಟ್ಟೆ-ಹಾಲಿಗೆ ಒಳಗೆ ಜಾಗ? ಅದ್ದಿ ಎತ್ತುವಾಗ ಮುರಿಯದಿರಲು ಫ್ರಿಜ್ಜಿನ ಬಿರುಸು ತುಸು ನೆರವಾದೀತು, ಅಷ್ಟೇ. ಕಾವಲಿಯ ಬಿಸಿ ತಾಗಿದ ಕೂಡಲೇ ಎರಡು ದಿನ ಕಾದು ಗಳಿಸಿದ ಆ ಬಿರುಸೂ ಕರಗಿಹೋಗುತ್ತದೆ.

ಹಾಗಾಗಿ ಇವತ್ತಿನ ಬ್ರೆಡ್ಡನ್ನೇ ತನ್ನಿ. ಬೆರಳು ದಪ್ಪಕ್ಕೆ ಕತ್ತರಿಸಿ, ಎಣ್ಣೆ ಸವರದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಒಣಗಿಸಿ. ಬಣ್ಣ ಬರುವುದು ಬೇಡ. ಬೆರಳಾಡಿಸಿದರೆ ಮೇಲ್ಪದರ ಗರಗರ ಎನ್ನಬೇಕು, ಒತ್ತಿದರೆ ನಡುವೆ ಮಾತ್ರ ಮೆತ್ತಗಿರಬೇಕು. ಓವನ್ ಇದ್ದವರಿಗೆ 150 ಡಿಗ್ರಿಯಲ್ಲಿ ಹತ್ತು ನಿಮಿಷ. ತೆಗೆದ ಮೇಲೆ ತಟ್ಟೆಯಲ್ಲಿ ಮಲಗಿಸಬೇಡಿ. ತಳದ ಹಬೆ ನೀರಾಗಿ, ಒಣಗಿಸಿದ್ದೆಲ್ಲ ದಂಡ. ಲೋಟಕ್ಕೆ ಒರಗಿಸಿ ನಿಲ್ಲಿಸಿ. ನನ್ನ ಮಾತನ್ನೂ ನಂಬಬೇಕಿಲ್ಲ: ಮನೆಯಲ್ಲಿ ಸಣ್ಣ ತಕ್ಕಡಿಯಿದ್ದರೆ ಒಣಗಿಸುವ ಮೊದಲೊಮ್ಮೆ, ಆಮೇಲೊಮ್ಮೆ ತೂಗಿ.

'ಹಳೆಯದೇ ಬೇಕು' ಎಂಬ ನಂಬಿಕೆಗೆ ಇನ್ನೊಂದು ಕೆಟ್ಟ ಬಾಲವಿದೆ. ಬೂಷ್ಟು ಹಿಡಿದ ಮೂಲೆಯನ್ನು ಚಿವುಟಿ ಎಸೆದು, 'ಹೇಗೂ ಕಾಯಿಸ್ತೀವಲ್ಲ' ಎಂದು ಉಳಿದದ್ದನ್ನು ಮೊಟ್ಟೆಗೆ ಅದ್ದುವುದು. ಮೆತ್ತನೆಯ ಬ್ರೆಡ್ಡಿನಲ್ಲಿ ಬೂಷ್ಟಿನ ಎಳೆ ಕಣ್ಣಿಗೆ ಕಾಣುವುದಕ್ಕಿಂತ ದೂರ ಹರಡಿರುತ್ತದೆ, ಕೆಲವು ಬೂಷ್ಟು ಬಿಡುವ ವಿಷ ಕಾವಲಿಯ ಬಿಸಿಗೆ ಜಗ್ಗುವುದಿಲ್ಲ. ಇಡೀ ಪೌಂಡನ್ನೇ ಬಿಸಾಡಿ.

ಉಳಿದ ನಂಬಿಕೆಗಳು ಚಿಲ್ಲರೆ. ಹಾಲು ಹೆಚ್ಚಾದಷ್ಟೂ ಮೃದು ಅನ್ನುತ್ತಾರೆ. ಹಾಲು ಹೆಚ್ಚಾದಷ್ಟೂ ಮೊಟ್ಟೆ ಕಟ್ಟಿಕೊಳ್ಳಲು ಹೆಚ್ಚು ಬಿಸಿ ಬೇಕು, ಹೊರಗೆ ಕೆಂಪಗಾದರೂ ಒಳಗೆ ಹಸಿಹಸಿ. ಎರಡು ಮೊಟ್ಟೆಗೆ 120 ಮಿಲಿಲೀಟರ್ ಸಾಕು. ಮೊಟ್ಟೆ ವಾಸನೆಗೆ ಏಲಕ್ಕಿ ಸುರಿಯುವವರು ಮೊದಲು ಬಿಳಿಯ ಲೋಳೆ ಉಳಿಯದಂತೆ ಚೆನ್ನಾಗಿ ಕಡೆದು ಸೋಸಲಿ. ಮೇಲೆ ಅಂಟಿಕೊಂಡು ಆಮ್ಲೆಟ್ಟಾಗುವುದು ಅದೇ. ಬೆಣ್ಣೆಗೆ ಎಣ್ಣೆ ಬೆರೆಸಿದರೆ ಸೀಯುವುದಿಲ್ಲವಂತೆ! ಸೀಯುವುದು ಬೆಣ್ಣೆಯಲ್ಲಿರುವ ಹಾಲಿನಂಶ, ಎಣ್ಣೆ ಬಂದಿತೆಂದು ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಅದನ್ನು ಕಾಯಿಸಿ ಸೋಸಿದ ತುಪ್ಪ ಮನೆಯಲ್ಲೇ ಇದೆಯಲ್ಲ.

ಇವನ್ನೆಲ್ಲ ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ, ಎರಡು ತುಂಡು ಬ್ರೆಡ್ಡು ಸಾಕು. ಅಷ್ಟನ್ನೂ ಮಾಡದೆ ವೀಡಿಯೊದಲ್ಲಿ ಏಪ್ರನ್ ಕಟ್ಟಿದವರು ಹೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸುತ್ತೇವೆ. ಜೊತೆಗೆ ಒಂದು ಕಥೆಯೂ ಬರುತ್ತದೆ: 1724ರಲ್ಲಿ ಅಮೆರಿಕದ ಆಲ್ಬನಿಯಲ್ಲಿ ಜೋಸೆಫ್ ಫ್ರೆಂಚ್ ಎಂಬ ಹೋಟೆಲಿನವನು ಇದನ್ನು ಕಂಡುಹಿಡಿದು ತನ್ನ ಹೆಸರಿಟ್ಟನಂತೆ. ರೋಮನ್ನರ ಕಾಲದ 'ಅಪಿಸಿಯಸ್' ಪಾಕಸಂಗ್ರಹದಲ್ಲೇ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ, ಎಣ್ಣೆಯಲ್ಲಿ ಕರಿದು, ಜೇನು ಸುರಿಯುವ ವಿಧಾನವಿದೆ. ಹೆಸರೂ ಅವನದಲ್ಲ, ಇಂಗ್ಲೆಂಡಿನ ರಾಬರ್ಟ್ ಮೇ 1660ರಲ್ಲೇ ತನ್ನ ಅಡುಗೆ ಪುಸ್ತಕದಲ್ಲಿ 'ಫ್ರೆಂಚ್ ಟೋಸ್ಟ್' ಎಂದು ಅಚ್ಚು ಹಾಕಿಸಿದ್ದ. ಅವನದರಲ್ಲಿ ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ. ಸುಟ್ಟ ಬ್ರೆಡ್ಡು, ವೈನು, ಸಕ್ಕರೆ, ಕಿತ್ತಳೆ ರಸ. ಇದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ.